ಲೇಯರ್, ಬ್ಲಾಕ್, ಬಣ್ಣ: ನನ್ನ ಲಿಸ್ಪ್ ಎಲ್ಲಿಗೆ ಬಂತು

ಮೊದಲ ಸಂಜೆ

ಕೆಲಸ ಕೇಳುವುದಕ್ಕೆ ಪುಟ್ಟದು. ನನ್ನ ಹತ್ತಿರ 180 ಹಳೆಯ ಆಟೋಕ್ಯಾಡ್ (ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಡ್ರಾಯಿಂಗ್‌ಗಳಿವೆ. ಬೇರೆ ಬೇರೆಯವರು ಮಾಡಿದವು. ಒಬ್ಬರ ಗೋಡೆ ಕೆಂಪು, ಇನ್ನೊಬ್ಬರದು ಹಳದಿ. ಮತ್ತೊಬ್ಬರು ಗೋಡೆಗೂ ಬಾಗಿಲಿಗೂ ಒಂದೇ ಹಸಿರು ಹಚ್ಚಿ ಕೈ ತೊಳೆದುಕೊಂಡಿದ್ದಾರೆ. ಎಲ್ಲವನ್ನೂ ಒಂದೇ ಬಣ್ಣದ ಪಟ್ಟಿಗೆ ತರಬೇಕು. ಕೈಯಲ್ಲಿ ಮಾಡಿದರೆ ಒಂದೊಂದಕ್ಕೂ ಅರ್ಧ ಗಂಟೆ. ಅದಕ್ಕೇ ಆಟೋಲಿಸ್ಪ್ ಹಿಡಿದೆ. 1986ರಿಂದ ಆಟೋಕ್ಯಾಡ್ ಒಳಗೇ ಕೂತಿರುವ, ಪ್ರೋಗ್ರಾಂ ಬರೆಯುವ ಭಾಷೆ ಅದು. ಬ್ರಾಕೆಟ್ ಎಣಿಸುವ ತಾಳ್ಮೆ ಇದ್ದರೆ ಸಾಕು.

ಲೇಯರ್ ಎಂದರೆ ಡ್ರಾಯಿಂಗ್‌ನ ಒಂದೊಂದು ಪದರ, ಒಂದೊಂದಕ್ಕೂ ಅದರದೇ ಬಣ್ಣ. ಆ ಭಾಗ ಹತ್ತೇ ಸಾಲಿನಲ್ಲಿ ಮುಗಿಯಿತು. ಲೇಯರ್ ಟೇಬಲ್ ಪೂರ್ತಿ ಸುತ್ತುವುದು, 62ನೇ ಗ್ರೂಪ್ ಕೋಡ್‌ನಲ್ಲಿರುವ (ಒಂದೊಂದು ಗುಣಕ್ಕೂ ಆಟೋಕ್ಯಾಡ್ ಇಟ್ಟ ಸಂಖ್ಯೆ ಅದು) ಬಣ್ಣದ ಸಂಖ್ಯೆ ಬದಲಿಸುವುದು, ಬದಲಾವಣೆಯನ್ನು ಡ್ರಾಯಿಂಗ್‌ಗೆ ಬರೆಯುವ ಎಂಟ್‌ಮಾಡ್ ಕೊಡುವುದು. ಓಡಿಸಿದೆ. ಬಣ್ಣವೇನೋ ಬದಲಾಯಿತು. ಜೊತೆಗೆ ಆಫ್ ಮಾಡಿಟ್ಟಿದ್ದ ಲೇಯರ್‌ಗಳೆಲ್ಲ ಎದ್ದು ಕೂತವು! ಹಳೆಯ ಟಿಪ್ಪಣಿ, ಅಳಿಸದೆ ಬಿಟ್ಟ ಗೈಡ್ ಲೈನ್, ಎಲ್ಲ ಸ್ಕ್ರೀನ್ ಮೇಲೆ.

ಕಾರಣ ತಿಳಿದಾಗ ನಗು ಬಂತು. ಲೇಯರ್ ಆಫ್ ಆಗಿದೆ ಎನ್ನುವ ಗುರುತು ಬಣ್ಣದ ಸಂಖ್ಯೆಯಲ್ಲೇ ಇರುತ್ತದೆ. ಕೆಂಪು ಲೇಯರ್ ಆನ್ ಇದ್ದರೆ 1, ಆಫ್ ಇದ್ದರೆ -1. ನಾನು ಸುಮ್ನೆ 3 ಎಂದು ಬರೆದೆ, ಮೈನಸ್ ಹಾರಿಹೋಯಿತು, ಲೇಯರ್ ಬೆಳಗಿತು. ಫ್ರೀಜ್ ಮತ್ತು ಲಾಕ್ ಗುರುತುಗಳು 70ನೇ ಕೋಡ್‌ನಲ್ಲಿರುತ್ತವೆ, ಅವು ಕದಲಲಿಲ್ಲ. ಈಗ ಹಳೆಯ ಸಂಖ್ಯೆಗೆ ಮೈನಸ್ ಇದ್ದರೆ ಹೊಸದಕ್ಕೂ ಮೈನಸ್ ಅಂಟಿಸುತ್ತೇನೆ.

ಎರಡನೇ ಸಂಜೆ

ಪೆದ್ದು ತಪ್ಪು, ಆದರೂ ಬರೆದಿಡುತ್ತೇನೆ. ಪಟ್ಟಿಯಲ್ಲಿ 1 ಇದ್ದದ್ದು 3 ಆಗಬೇಕು, 3 ಇದ್ದದ್ದು 1 ಆಗಬೇಕು. ಮೊದಲು 1ನ್ನೆಲ್ಲ 3 ಮಾಡಿದೆ. ಆಮೇಲೆ 3ನ್ನೆಲ್ಲ 1 ಮಾಡಿದೆ. ಎಲ್ಲವೂ 1! ಒಂದೊಂದು ವಸ್ತುವನ್ನೂ ಒಂದೇ ಸಲ ಮುಟ್ಟಿ, ಅದರ ಹಳೆಯ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ ಹೊಸದನ್ನು ಹಾಕುವ ಹಾಗೆ ತಿದ್ದಿದೆ.

ನಾಲ್ಕನೇ ಸಂಜೆಯಿಂದ ಏಳರವರೆಗೆ: ಬ್ಲಾಕ್

ಕೆಲಸವೆಲ್ಲ ಇರುವುದು ಇಲ್ಲೇ. ಬ್ಲಾಕ್ ಎಂದರೆ ಒಮ್ಮೆ ಬರೆದು ಬೇಕಾದಲ್ಲೆಲ್ಲ ಇಡುವ ಚಿತ್ರ. ಮೂಲಕ್ಕೆ ಡೆಫಿನಿಷನ್, ಇಟ್ಟ ಒಂದೊಂದಕ್ಕೂ ಇನ್ಸರ್ಟ್ ಎಂದು ಹೆಸರು. ಲೇಯರ್ ಬಣ್ಣ ಬದಲಾದರೂ ಬಾಗಿಲು, ಕಿಟಕಿ, ಸಿಂಕ್ ಹಳೆಯ ಬಣ್ಣದಲ್ಲೇ ನಿಂತಿದ್ದವು. ಬ್ಲಾಕ್ ಒಳಗಿನ ಗೆರೆಗಳಿಗೆ ಯಾರೋ ನೇರವಾಗಿ ಬಣ್ಣ ಹಚ್ಚಿದ್ದರು, ಹಾಗಾಗಿ ಅವು ಲೇಯರ್ ಮಾತು ಕೇಳುವುದಿಲ್ಲ.

ಬಣ್ಣದ ಸಂಖ್ಯೆ 256 ಇದ್ದರೆ ಬೈಲೇಯರ್, ಅಂದರೆ ಲೇಯರ್‌ನದೇ ಬಣ್ಣ. 0 ಇದ್ದರೆ ಬೈಬ್ಲಾಕ್. ಬೈಬ್ಲಾಕ್ ಗೆರೆ ತಾನು ಸೇರಿದ ಇನ್ಸರ್ಟ್‌ನ ಬಣ್ಣ ಹಿಡಿಯುತ್ತದೆ. ಇನ್ನೊಂದು ನಿಯಮವೂ ಇದೆ: ಬ್ಲಾಕ್ ಒಳಗೆ 0 ಎಂಬ ಹೆಸರಿನ ಲೇಯರ್‌ನಲ್ಲಿ ಬೈಲೇಯರ್ ಇಟ್ಟು ಬರೆದ ಗೆರೆ, ಬ್ಲಾಕ್ ಯಾವ ಲೇಯರ್ ಮೇಲೆ ಕೂರುತ್ತದೋ ಆ ಲೇಯರ್‌ನ ಬಣ್ಣ ತೊಡುತ್ತದೆ. ಬೇರೆ ಲೇಯರ್‌ನಲ್ಲಿ ಬರೆದದ್ದು ತನ್ನ ಲೇಯರ್‌ಗೇ ನಿಷ್ಠೆ.

2008ರ ಆವೃತ್ತಿಯಿಂದ ಸೆಟ್‌ಬೈಲೇಯರ್ ಕಮಾಂಡ್ ಇದೆಯಲ್ಲ, ಅದನ್ನೇ ಯಾಕೆ ಬಳಸಬಾರದು? ಬಳಸಿ ನೋಡಿದೆ. ಕಿಟಕಿ ಬ್ಲಾಕ್‌ನಲ್ಲಿ ಗಾಜಿನ ಗೆರೆ 0 ಲೇಯರ್‌ನಲ್ಲಿತ್ತು, ಬಣ್ಣ 4 ಎಂದು ನೇರವಾಗಿ ಕೊಟ್ಟಿದ್ದರು. ಕಮಾಂಡ್ ಅದನ್ನು ಬೈಲೇಯರ್ ಮಾಡಿತು. ಗಾಜೂ ಚೌಕಟ್ಟೂ ಒಂದೇ ಬಣ್ಣ ಆಗಿ ಕಲಸಿಹೋದವು. ಅದಕ್ಕೆ ನನ್ನದೇ ನಿಯಮ ಮಾಡಿಕೊಂಡೆ. 0 ಲೇಯರ್‌ನಲ್ಲಿ ನೇರ ಬಣ್ಣ ಇದ್ದರೆ ಪಟ್ಟಿ ನೋಡಿ ಬದಲಿಸು. ಬೇರೆ ಲೇಯರ್‌ನಲ್ಲಿದ್ದರೆ ಬೈಲೇಯರ್ ಮಾಡು. ಬೈಬ್ಲಾಕ್ ಮುಟ್ಟಬೇಡ, ಯಾರೋ ಯೋಚಿಸಿಯೇ ಇಟ್ಟಿರುತ್ತಾರೆ.

ಬ್ಲಾಕ್ ಒಳಗೆ ಬ್ಲಾಕ್, ಅದರೊಳಗೆ ಇನ್ನೊಂದು. ಇದಕ್ಕೆ ಒಳಗೊಳಗೇ ಇಳಿಯುವ ಫಂಕ್ಷನ್ ಬರೆಯಲು ಹೊರಟಿದ್ದೆ, ಬೇಕಾಗಲಿಲ್ಲ. ಡ್ರಾಯಿಂಗ್‌ನ ಬ್ಲಾಕ್ಸ್ ಸಂಗ್ರಹದಲ್ಲಿ ಪ್ರತಿ ಡೆಫಿನಿಷನ್ ಒಂದೇ ಸಲ ಇರುತ್ತದೆ. ಅದನ್ನು ನೇರವಾಗಿ ಒಮ್ಮೆ ಸುತ್ತಿದರೆ ಎಲ್ಲ ಮುಗಿಯಿತು. ಮಾಡೆಲ್ ಸ್ಪೇಸ್ (ಡ್ರಾಯಿಂಗ್ ಬರೆಯುವ ಜಾಗ), ಪೇಪರ್ ಸ್ಪೇಸ್ (ಪ್ರಿಂಟ್‌ಗೆ ಹೊಂದಿಸುವ ಹಾಳೆ) ಕೂಡ ಅದೇ ಸಂಗ್ರಹದಲ್ಲಿ ಬ್ಲಾಕ್‌ಗಳಾಗಿಯೇ ಕೂತಿರುತ್ತವೆ. ಎಕ್ಸ್‌ರೆಫ್ (ಹೊರಗಿನ ಫೈಲ್‌ನಿಂದ ಜೋಡಿಸಿದ ಡ್ರಾಯಿಂಗ್) ಬಂದರೆ ದಾಟಿಬಿಡುತ್ತೇನೆ. ಸ್ಟಾರ್, ಅದರ ಬೆನ್ನಿಗೇ ಡಿ (*D) ಎಂದು ಶುರುವಾಗುವ ಹೆಸರುಗಳನ್ನೂ ದಾಟುತ್ತೇನೆ. ಅವು ಡೈಮೆನ್ಷನ್ (ಅಳತೆ ತೋರಿಸುವ ಗುರುತು) ತಾನೇ ಹುಟ್ಟಿಸಿಕೊಂಡ ಬ್ಲಾಕ್‌ಗಳು. ಅಲ್ಲಿ ಬಣ್ಣ ಹಚ್ಚಿದರೂ ಡೈಮೆನ್ಷನ್ ಮತ್ತೆ ರೂಪುಗೊಂಡಾಗ ಅಳಿದುಹೋಗುತ್ತದೆ. ಡೈಮೆನ್ಷನ್ ಸ್ಟೈಲ್‌ನಲ್ಲೇ ತಿದ್ದಬೇಕು.

ಲಾಕ್ ಆದ ಲೇಯರ್ ಸಿಕ್ಕಿದರೆ ಎರರ್ ಬಂದು ಲಿಸ್ಪ್ ನಡುವೆಯೇ ನಿಲ್ಲುತ್ತಿತ್ತು. ಮೊದಲೇ ಯಾವುದು ಲಾಕ್ ಎಂದು ನೆನಪಿಟ್ಟು, ತೆಗೆದು, ಕೊನೆಗೆ ಮತ್ತೆ ಹಾಕುತ್ತೇನೆ. ಆಟ್ರಿಬ್ಯೂಟ್‌ಗಳದ್ದು, ಅಂದರೆ ಬ್ಲಾಕ್ ಜೊತೆ ಬರುವ ಅಕ್ಷರಗಳದ್ದು, ಇನ್ನೊಂದು ತಕರಾರು. ಡೆಫಿನಿಷನ್ ತಿದ್ದಿದರೂ ಈಗಾಗಲೇ ಇಟ್ಟಿರುವ ಇನ್ಸರ್ಟ್‌ಗಳ ಅಕ್ಷರ ಹಳೆಯ ಬಣ್ಣದಲ್ಲೇ ಉಳಿಯುತ್ತದೆ, ಏಕೆಂದರೆ ಪ್ರತಿ ಇನ್ಸರ್ಟ್‌ಗೂ ಅದರದೇ ನಕಲು. ಅವನ್ನು ಡೆಫಿನಿಷನ್‌ಗೆ ಹೊಂದಿಸುವ ಆಟ್‌ಸಿಂಕ್ ಕಮಾಂಡ್ ಕೊಟ್ಟೆ. ಬಣ್ಣ ಸರಿಯಾಯಿತು, ಆದರೆ ಕೈಯಲ್ಲಿ ಸರಿಸಿಟ್ಟಿದ್ದ ಅಕ್ಷರಗಳೆಲ್ಲ ಮೂಲ ಜಾಗಕ್ಕೆ ಓಡಿದವು. ಅನ್‌ಡೂ ಮಾಡಿ, ಇನ್ಸರ್ಟ್‌ಗಳನ್ನು ಒಂದೊಂದಾಗಿ ಸುತ್ತುವ ಲೂಪ್ ಬರೆದೆ.

ಒಂಬತ್ತನೇ ಸಂಜೆ: ಪ್ರಿಂಟ್ ತೆಗೆದೆ

ಸ್ಕ್ರೀನ್ ಮೇಲೆ ಎಲ್ಲ ಅಚ್ಚುಕಟ್ಟು. ಕಾಗದದ ಮೇಲೆ ಗೋಡೆ ಕೂದಲೆಳೆ, ಟಿಪ್ಪಣಿ ದಪ್ಪ. ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ, ಯಾವ ಬಣ್ಣ ಹೇಗೆ ಅಚ್ಚಾಗಬೇಕು ಎಂದು ಹೇಳುವ ಸಿಟಿಬಿ ಫೈಲ್ ನೆನಪಾಯಿತು.

ಈ ಹಳೆಯ ಡ್ರಾಯಿಂಗ್‌ಗಳಲ್ಲಿ ಬಣ್ಣ ನೋಡುವುದಕ್ಕೆ ಇರುವುದಲ್ಲ, ಅದು ಪೆನ್ನು. ಪೆನ್ ಪ್ಲಾಟರ್ ಕಾಲದ ಅಭ್ಯಾಸ. ಕೆಂಪೆಂದರೆ ಒಂದು ಪೆನ್, ಹಳದಿ ಎಂದರೆ ಇನ್ನೊಂದು. ಸಿಟಿಬಿ ಅದನ್ನೇ ಮುಂದುವರಿಸಿದೆ: 255 ಬಣ್ಣಕ್ಕೂ ಒಂದೊಂದು ಗೆರೆ ದಪ್ಪ. ನಾನು ಬಣ್ಣ ಬದಲಿಸಿದೆ ಅಂದುಕೊಂಡಿದ್ದೆ. ನಿಜವಾಗಿ ಪೆನ್ನುಗಳನ್ನೇ ಅದಲುಬದಲು ಮಾಡಿದ್ದೆ, ಅಲ್ವಾ? ಈ 255ರ ಪಟ್ಟಿಯ ಹೊರಗಿನ ಟ್ರೂ ಕಲರ್ ಹಚ್ಚಿದ ವಸ್ತುಗಳದ್ದು ಇನ್ನೊಂದು ಕಥೆ. ಅವು ಸಿಟಿಬಿಗೆ ಸೊಪ್ಪು ಹಾಕುವುದಿಲ್ಲ. ಮಾನೋಕ್ರೋಮ್ ಆಯ್ದರೂ ಬಣ್ಣದಲ್ಲೇ ಅಚ್ಚಾದವು.

ಪಟ್ಟಿಗೆ ಮೂರನೇ ಕಾಲಂ ಸೇರಿಸಿದೆ: ಹಳೆಯ ಬಣ್ಣ, ಹೊಸ ಬಣ್ಣ, ಹಳೆಯ ಸಿಟಿಬಿಯಲ್ಲಿದ್ದ ದಪ್ಪ. ಲಿಸ್ಪ್ ಈಗ ಬಣ್ಣದ ಜೊತೆ ಲೈನ್‌ವೇಟ್ (ಗೆರೆ ದಪ್ಪ) ಕೂಡ ಲೇಯರ್ ಮೇಲೆ ಬರೆಯುತ್ತದೆ. 0 ಲೇಯರ್‌ನ ನೇರ ಬಣ್ಣದ ಗೆರೆಗಳಿಗೆ ಗೆರೆಯ ಮೇಲೇ ಬರೆಯುತ್ತದೆ. ಹೊಸ ಸಿಟಿಬಿಯಲ್ಲಿ ಎಲ್ಲ ಬಣ್ಣಕ್ಕೂ ವಸ್ತುವಿನ ಲೈನ್‌ವೇಟ್ ಬಳಸು ಎಂದಿಟ್ಟೆ. ಎರಡನೇ ಪ್ರಿಂಟ್ ಹಳೆಯದರ ಮೇಲಿಟ್ಟು ಬೆಳಕಿಗೆ ಹಿಡಿದೆ. ಗೋಡೆ ಗೋಡೆಯಾಗಿಯೇ ಬಂದಿತ್ತು.

ಇವತ್ತು

43 ಡ್ರಾಯಿಂಗ್ ಆಗಿವೆ. ಎಂಟೆಕ್ಸ್ಟ್ (ಹಲವು ಸಾಲಿನ ಬರಹ) ಒಳಗೆ ಅಕ್ಷರಗಳಿಗೇ ಹಚ್ಚಿದ ಬಣ್ಣ ಇನ್ನೂ ಹಾಗೇ ಇದೆ. ಅದು ವಾಕ್ಯದ ನಡುವೆ ಕೋಡ್ ಆಗಿ ಹುದುಗಿರುತ್ತದೆ, ಅದನ್ನು ಹೆಕ್ಕುವ ಭಾಗ ಅರ್ಧ ಬರೆದಿದ್ದೇನೆ. ಉಳಿದ 137 ಫೈಲ್‌ಗಳನ್ನು ಒಂದೊಂದಾಗಿ ತೆರೆಯದೆ ಆಕೋರ್‌ಕನ್ಸೋಲ್‌ನಲ್ಲಿ (ಡ್ರಾಯಿಂಗ್ ತೋರಿಸದೆ ಕಮಾಂಡ್ ಮಾತ್ರ ಓಡಿಸುವ ಆಟೋಕ್ಯಾಡ್) ಓಡಿಸುವ ಆಸೆ. ಆದರೆ ಅಲ್ಲಿ ಆಕ್ಟಿವ್‌ಎಕ್ಸ್ (ಲಿಸ್ಪ್‌ನಿಂದ ಬ್ಲಾಕ್ಸ್ ಸಂಗ್ರಹ ಮುಟ್ಟುವ ದಾರಿ) ನಡೆಯುವುದಿಲ್ಲ, ನನ್ನ ಬ್ಲಾಕ್ ಭಾಗವೆಲ್ಲ ಅದರ ಮೇಲೇ ನಿಂತಿದೆ. ಅಷ್ಟನ್ನೂ ಎಂಟ್‌ಮಾಡ್‌ಗೆ ತಿರುಗಿಸಬೇಕು. ನಾಳೆ ಬಾಗಿಲಿನ ಬ್ಲಾಕ್ ಒಂದರಿಂದ ಶುರು ಮಾಡುತ್ತೇನೆ.