ಬರ್ಗನ್‌ನಲ್ಲಿ ಗೈಡ್ ಜತೆ ನಡೆಯಲು ಹೊರಟವರಿಗೆ

ನಾರ್ವೆಯ ಬರ್ಗನ್‌ಗೆ ಹೋಗುವವರೆಲ್ಲ ಮೊದಲೇ ಒಂದು ಫೋಟೊ ನೋಡಿರುತ್ತಾರೆ. ಬಂದರಿನ ಅಂಚಿಗೆ ಸಾಲಾಗಿ ನಿಂತ ಕೆಂಪು, ಹಳದಿ, ಬಿಳಿ ಮರದ ಮನೆಗಳು. ಅದೇ ಬ್ರಿಗ್ಗನ್. ಅದರ ಮುಂದೆ ನಿಂತು ನೀವೂ ಅದೇ ಫೋಟೊ ತೆಗೆದು ಹತ್ತು ನಿಮಿಷದಲ್ಲಿ ಹೊರಟುಬಿಡಬಹುದು. ಬಹಳ ಜನ ಮಾಡುವುದೂ ಅಷ್ಟೇ. ನನ್ನನ್ನು ಕೇಳಿದರೆ, ಊರು ತಲುಪಿದ ಮರುದಿನ ಬೆಳಗ್ಗೆಯೇ ಗೈಡ್ ಜತೆ ನಡೆಯುವ ಟೂರ್ ಒಂದನ್ನು ಬುಕ್ ಮಾಡಿ. ನೋಡಬೇಕಾದ್ದೆಲ್ಲ ಆ ಬಣ್ಣದ ಗೋಡೆಗಳ ಹಿಂದಿದೆ. ತೋರಿಸುವವರಿಲ್ಲದೆ ಅದು ಕಣ್ಣಿಗೆ ಬೀಳುವುದಿಲ್ಲ.

ಟೂರ್‌ಗಳಲ್ಲಿ ಎರಡು ಬಗೆ. ಮೊದಲೇ ಟಿಕೆಟ್ ಕೊಳ್ಳುವುದು ಒಂದು, ‘ಫ್ರೀ ಟೂರ್’ ಇನ್ನೊಂದು. ಫ್ರೀ ಅಂದರೆ ಪುಕ್ಕಟೆ ಅಂತ ಅಂದುಕೊಳ್ಳಬೇಡಿ. ಕೊನೆಯಲ್ಲಿ ಗೈಡ್‌ಗೆ ಟಿಪ್ಸ್ ಕೊಡಬೇಕು, ಅದೇ ಅವರ ಸಂಪಾದನೆ. ಬೇಸಿಗೆಯಲ್ಲಿ ಬ್ರಿಗ್ಗನ್ ಮ್ಯೂಸಿಯಂನಿಂದ ಹೊರಡುವ ಟೂರ್ ಕೂಡ ಇರುತ್ತದೆ. ಅದರಲ್ಲಿ ಮ್ಯೂಸಿಯಂ ಒಳಗೂ ಕರೆದುಕೊಂಡು ಹೋಗುತ್ತಾರೆ. ಇತಿಹಾಸದಲ್ಲಿ ಸ್ವಲ್ಪವಾದರೂ ಆಸಕ್ತಿ ಇದ್ದರೆ ಇದೇ ವಾಸಿ. ಯಾವುದೇ ಆಗಲಿ, ಬೆಳಗಿನ ಮೊದಲ ಹೊತ್ತಿನದನ್ನು ಆರಿಸಿಕೊಳ್ಳಿ. ಕ್ರೂಸ್ ಹಡಗುಗಳು ಬಂದ ದಿನ ಹತ್ತು ಗಂಟೆಯ ಮೇಲೆ ಆ ಸಂದಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಗೈಡ್ ಮಾತು ಕೇಳಿಸುವುದೂ ಇಲ್ಲ.

ಮನೆಗಳ ನಡುವಿನ ಸಂದಿಗೆ ಹೊಕ್ಕರೆ ಬೇರೆಯೇ ಲೋಕ. ಕಾಲಡಿ ಹಲಗೆ, ಎರಡೂ ಪಕ್ಕ ಹಲಗೆಯ ಗೋಡೆ, ತಲೆಯ ಮೇಲೆ ಚಾಚಿಕೊಂಡ ಮರದ ಮೊಗಸಾಲೆ. ಯಾವ ಕಟ್ಟಡವೂ ನೆಟ್ಟಗಿಲ್ಲ. ಒಂದು ಎಡಕ್ಕೆ ವಾಲಿದರೆ ಪಕ್ಕದ್ದು ಬಲಕ್ಕೆ. ಕಿಟಕಿಯ ಚೌಕಟ್ಟೂ ಸೊಟ್ಟ, ಬಾಗಿಲೂ ಸೊಟ್ಟ. ವಯಸ್ಸಾಗಿದೆ, ವಾಲಿದೆ ಅಂತ ಸುಮ್ನೆ ಮುಂದೆ ಹೋಗುತ್ತಿದ್ದೆವೇನೋ. ಗೈಡ್ ನಿಲ್ಲಿಸಿ ಕಾರಣ ಹೇಳಿದರು. ಇಲ್ಲಿ ಹಿಂದೆ ಇದ್ದದ್ದು ಸಮುದ್ರ. ಮರದ ದಿಮ್ಮಿಗಳನ್ನು ಒಟ್ಟಿ, ಮಣ್ಣು ಕಸ ತುಂಬಿ, ಶತಮಾನಗಳ ಕಾಲ ನೆಲವನ್ನು ಮುಂದೆ ಮುಂದೆ ಬೆಳೆಸಿದ್ದಾರೆ. ಆ ದಿಮ್ಮಿಗಳು ನೀರಿನಲ್ಲಿ ನೆನೆದಿರುವ ತನಕ ಕೊಳೆಯುವುದಿಲ್ಲ. ಗಾಳಿ ತಗುಲಿತೋ, ಕೆಟ್ಟಿತು. ಪಕ್ಕದಲ್ಲಿ ಹೋಟೆಲ್ ಕಟ್ಟಿದ ಮೇಲೆ ಅಂತರ್ಜಲ ಇಳಿದು ನೆಲ ಕುಸಿಯಲು ಶುರುವಾಯಿತು. ಈಗ ಮಳೆನೀರನ್ನು ಹಿಡಿದು ಮತ್ತೆ ನೆಲದೊಳಕ್ಕೆ ಇಂಗಿಸುವ ಏರ್ಪಾಡು ಮಾಡಿದ್ದಾರೆ. ವರ್ಷಕ್ಕೆ 2000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ನೆಲದಡಿ ನೀರು ಸಾಲದು ಅನ್ನುವ ಚಿಂತೆ!

ಈ ಮನೆಗಳು ಮಧ್ಯಯುಗದವು ಅಂತ ಕೆಲವರು ಬರೆಯುತ್ತಾರೆ. ಅದು ಪೂರ್ತಿ ನಿಜವಲ್ಲ. ಊರು 1070ರಲ್ಲಿ ಹುಟ್ಟಿತು ಅಂತ ಪ್ರತೀತಿ. ಆದರೆ 1702ರಲ್ಲಿ ದೊಡ್ಡ ಬೆಂಕಿ ಬಿದ್ದು ಬ್ರಿಗ್ಗನ್ ಸುಟ್ಟುಹೋಯಿತು. ಈಗ ನಾವು ನೋಡುವುದು ಅದಾದ ಮೇಲೆ ಹಳೆಯ ಮಾದರಿಯಲ್ಲೇ ಕಟ್ಟಿದ್ದು. 1955ರಲ್ಲಿ ಮತ್ತೆ ಒಂದು ಭಾಗ ಸುಟ್ಟಿತು. ಉಳಿದದ್ದನ್ನು 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿದ್ದವರು ಜರ್ಮನ್ ವರ್ತಕರು. ಹಾನ್ಸಾ ಅನ್ನುವ ವ್ಯಾಪಾರಿ ಕೂಟದವರು. 1360ರ ಸುಮಾರಿಗೆ ಇಲ್ಲಿ ವ್ಯಾಪಾರದ ಕೋಠಿ ಹಾಕಿ, 1754ರ ತನಕ ನಡೆಸಿದರು. ಉತ್ತರದ ಲೋಫೋಟೆನ್ ಕಡೆಯಿಂದ ಒಣಮೀನು ಬರುತ್ತಿತ್ತು, ಬಾಲ್ಟಿಕ್ ಕಡೆಯಿಂದ ಧಾನ್ಯ. ಎರಡೂ ಕೈ ಬದಲಾಗುತ್ತಿದ್ದದ್ದು ಇಲ್ಲಿ. ಅವರ ಲಾಂಛನದಲ್ಲಿ ಅರ್ಧ ಹದ್ದು, ಇನ್ನರ್ಧ ಕಿರೀಟ ತೊಟ್ಟ ಒಣಮೀನು. ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಅವರಿಗೆ ಮುಚ್ಚುಮರೆ ಇರಲಿಲ್ಲ. ನಮ್ಮ ಕರಾವಳಿಯ ಒಣಮೀನಿನಂತೆ ಇದಕ್ಕೆ ಉಪ್ಪು ಹಾಕುವುದಿಲ್ಲ. ಮರದ ಅಟ್ಟಣಿಗೆಗೆ ನೇತುಹಾಕಿ, ಚಳಿಗಾಳಿಗೇ ಕಟ್ಟಿಗೆಯಂತೆ ಒಣಗಿಸುತ್ತಾರೆ. ಸಂದಿಗಳ ಒಳಗೊಂದು ಅಂಗಳದಲ್ಲಿ ಮರದಲ್ಲಿ ಕೆತ್ತಿದ ದೊಡ್ಡ ಮೀನು ಇದೆ, ಮಕ್ಕಳನ್ನು ಅಲ್ಲಿ ನಿಲ್ಲಿಸಿ ಫೋಟೊ ತೆಗೆಯಬಹುದು.

ಆ ವರ್ತಕರ ಬದುಕಿನ ಕತೆ ಕೇಳಿದಾಗ ಮಾತ್ರ ಪಾಪ ಅನಿಸಿತು. ಗಂಡಸರು ಮಾತ್ರ. ಕೋಠಿಯಲ್ಲಿ ಇರುವಷ್ಟು ಕಾಲ ಮದುವೆ ಆಗುವಂತಿಲ್ಲ. ಜರ್ಮನಿಯಿಂದ ಕೆಲಸ ಕಲಿಯಲು ಬಂದ ಹುಡುಗರು ಗೂಡಿನಂಥ ಹಾಸಿಗೆ ಪೆಟ್ಟಿಗೆಗಳಲ್ಲಿ ಮಲಗಬೇಕು. ಮರದ ಮನೆಗಳಿಗೆ ಬೆಂಕಿ ತಗುಲಬಾರದು ಅಂತ ಒಳಗೆ ಒಲೆ ಇಲ್ಲ, ನಾರ್ವೆಯ ಚಳಿಗಾಲದಲ್ಲೂ ಇಲ್ಲ. ಅಡುಗೆ, ಊಟ, ಮೈ ಕಾಯಿಸಿಕೊಳ್ಳುವುದು ಎಲ್ಲವೂ ಹಿಂದೆ ಪ್ರತ್ಯೇಕವಾಗಿ ಕಟ್ಟಿದ ಸಭಾಮನೆಗಳಲ್ಲಿ. ಅವನ್ನು ಸ್ಕೊತ್‌ಸ್ತೂಎನೆ ಅನ್ನುತ್ತಾರೆ, ತಪ್ಪದೆ ನೋಡಿ. ಹಾನ್ಸಾ ಮ್ಯೂಸಿಯಂನ ಮುಖ್ಯ ಕಟ್ಟಡ ದೊಡ್ಡ ರಿಪೇರಿಗೆಂದು 2018ರಲ್ಲಿ ಮುಚ್ಚಿತು. ಹೊರಡುವ ಮೊದಲು ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಬ್ರಿಗ್ಗನ್ ಮ್ಯೂಸಿಯಂ ನಿಂತಿರುವುದು 1955ರಲ್ಲಿ ಸುಟ್ಟ ಜಾಗದ ಹತ್ತಿರ. ಬೂದಿ ತೆಗೆದು ಅಗೆದಾಗ ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿ ಗೀರಿದ ಮರದ ಚೂರುಗಳು ನೂರಾರು ಸಿಕ್ಕವು. ರಾಜರ ಶಾಸನವಲ್ಲ. ಸರಕಿನ ಮೇಲೆ ಕಟ್ಟುತ್ತಿದ್ದ ಹೆಸರಿನ ಚೀಟಿ, ವ್ಯಾಪಾರದ ಪತ್ರ, ಪ್ರೇಮದ ಮಾತು, ಪೋಲಿ ಮಾತು. ಒಂದು ಕಡ್ಡಿಯ ಮೇಲೆ ಹೀಗಿದೆ: ‘ನೀನು ಮನೆಗೆ ಹೋಗಬೇಕಂತೆ, ಗ್ಯೂಡಾ ಹೇಳುತ್ತಿದ್ದಾಳೆ.’ ಹಿಂಬದಿಯಲ್ಲಿ ಏನೋ ಉತ್ತರ ಗೀರಿದ್ದಾನೆ, ಓದಲು ಆಗುವುದಿಲ್ಲ. ಕುಡಿದಿದ್ದನೋ ಏನೋ. ನಮ್ಮ ಗುಂಪಿನಲ್ಲಿದ್ದ ಹೆಂಗಸರೆಲ್ಲ ಇಲ್ಲಿ ಜೋರಾಗಿ ನಕ್ಕರು. ಇಡೀ ಟೂರ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ಈ ಕಡ್ಡಿ.

ಬ್ರಿಗ್ಗನ್ ಹಿಂದಿರುವ ಮರಿಯಾ ಚರ್ಚ್ 12ನೆಯ ಶತಮಾನದ್ದು, ಊರಲ್ಲಿ ಉಳಿದ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಹಳೆಯದು. ಅಲ್ಲಿಂದ ಹೋಕನ್ ಅರಮನೆಗೆ ನಾಲ್ಕು ಹೆಜ್ಜೆ. ಹೋಕನ್ ಹೋಕನ್ಸನ್ ಅನ್ನುವ ರಾಜ ಕಟ್ಟಿಸಿದ ಕಲ್ಲಿನ ಸಭಾಂಗಣ ಅದು. 1261ರಲ್ಲಿ ಅವನ ಮಗನ ಮದುವೆ ಇಲ್ಲೇ ನಡೆಯಿತು. ಒಳಗೆ ದೊಡ್ಡ ಖಾಲಿ ಹಾಲ್, ಹೆಚ್ಚೇನಿಲ್ಲ. ಸಮಯ ಕಡಿಮೆ ಇದ್ದರೆ ಹೊರಗಿನಿಂದ ನೋಡಿದರೂ ನಡೆದೀತು. ಕತೆ ಮಾತ್ರ ಕೇಳಿ. 1944ರ ಏಪ್ರಿಲ್ 20ರಂದು, ನಾಜಿಗಳ ಆಳ್ವಿಕೆಯಲ್ಲಿ, ಸಿಡಿಮದ್ದು ತುಂಬಿದ್ದ ಹಡಗೊಂದು ಬಂದರಿನಲ್ಲೇ ಸಿಡಿಯಿತು. ಅರಮನೆ ಜಖಂ ಆಯಿತು, ಹಡಗಿನ ಲಂಗರು ಹಾರಿ ಪಕ್ಕದ ಬೆಟ್ಟದ ಮೇಲೆ ಬಿತ್ತು.

ಹೆಚ್ಚಿನ ಟೂರ್‌ಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ರೈಲು ನಿಲ್ದಾಣದ ಕಡೆ ಸ್ವಲ್ಪ ನಡೆದರೆ ಸೇಂಟ್ ಯೋರ್ಗನ್ ಆಸ್ಪತ್ರೆ ಸಿಗುತ್ತದೆ. ಹಳೆಯ ಕುಷ್ಠರೋಗ ಆಸ್ಪತ್ರೆ, ಈಗ ಮ್ಯೂಸಿಯಂ. ಕುಷ್ಠರೋಗ ಬರುವುದು ಬ್ಯಾಕ್ಟೀರಿಯಾದಿಂದ ಅಂತ 1873ರಲ್ಲಿ ಕಂಡುಹಿಡಿದ ಅರ್ಮವರ್ ಹ್ಯಾನ್ಸನ್ ಇದೇ ಊರಿನ ವೈದ್ಯ. ನಮ್ಮಲ್ಲೂ ‘ಹ್ಯಾನ್ಸನ್ ಕಾಯಿಲೆ’ ಅನ್ನುವುದು ಇವನ ಹೆಸರಿನಿಂದಲೇ. ಅದನ್ನು ಸಾಬೀತು ಮಾಡುವ ಹಟದಲ್ಲಿ ಒಬ್ಬ ರೋಗಿ ಹೆಂಗಸಿನ ಒಪ್ಪಿಗೆ ಪಡೆಯದೆ ಆಕೆಯ ಕಣ್ಣಿಗೆ ಸೋಂಕು ಚುಚ್ಚಿದ. 1880ರಲ್ಲಿ ಕೋರ್ಟು ಅವನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ಇಲ್ಲಿಯ ಕೊನೆಯ ರೋಗಿಗಳು ತೀರಿಕೊಂಡದ್ದು 1946ರಲ್ಲಿ. ರೋಗಿಗಳ ಪುಟ್ಟ ಪುಟ್ಟ ಕೋಣೆಗಳನ್ನು ಹಾಗೇ ಇಟ್ಟಿದ್ದಾರೆ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ. ಅಲ್ಲಿ ಗುಂಪು ಇರಲಿಲ್ಲ. ಬ್ರಿಗ್ಗನ್‌ನ ನೂಕುನುಗ್ಗಲು ಕಂಡವರಿಗೆ ಅದೂ ಒಂದು ಸುಖ.

ಇನ್ನು ನಡೆಯುವವರ ಚಿಂತೆಗಳು. ಮಳೆ ಬಂದೇ ಬರುತ್ತದೆ, ಜುಲೈ ಆದರೂ ಸರಿ. ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ, ಹಾಗಾಗಿ ತಲೆ ಮುಚ್ಚುವ ಒಳ್ಳೆ ರೇನ್‌ಕೋಟ್ ಇರಲಿ. ನೆನೆದ ಹಲಗೆ ಜಾರುತ್ತದೆ, ಕಲ್ಲು ಹಾಸಿದ ಬೀದಿಯೂ ಅಷ್ಟೇ. ಹಿಡಿತ ಇರುವ ಶೂ ಬೇಕು. ಮಂಡಿನೋವಿನ ಹಿರಿಯರು ಜತೆಗಿದ್ದರೆ ಗೈಡ್‌ಗೆ ಮೊದಲೇ ಹೇಳಿ. ಮಕ್ಕಳ ಗಾಡಿ ಆ ಹಲಗೆಗಳ ಮೇಲೆ ಕಷ್ಟ.

ವಿಮಾನ ನಿಲ್ದಾಣದಿಂದ ಊರೊಳಕ್ಕೆ ಟ್ಯಾಕ್ಸಿ ಬೇಕಿಲ್ಲ. ಬೀಬಾನನ್ ಅನ್ನುವ ಟ್ರಾಮ್ ಮುಕ್ಕಾಲು ಗಂಟೆಯಲ್ಲಿ ಊರ ನಡುವೆ ಇಳಿಸುತ್ತದೆ. ವೀಸಾ ಷೆಂಗನ್‌ದು, ದುಡ್ಡು ಮಾತ್ರ ಯೂರೋ ಅಲ್ಲ, ಕ್ರೋನ. ಕಾರ್ಡ್ ಇದ್ದರೆ ನಗದಿನ ಗೊಡವೆಯೇ ಇಲ್ಲ.

ಊಟ ದುಬಾರಿ. ಮೀನು ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ, ತಿನ್ನುವುದಕ್ಕೆ ಬೇರೆ ಕಡೆ ಹೋಗಿ. ಅಲ್ಲಿ ತಿಮಿಂಗಿಲದ ಮಾಂಸವೂ ಇರುತ್ತದೆ, ಕೇಳಿಯೇ ಬಾಯಿಗಿಡಿ. ಸಸ್ಯಾಹಾರಿಗಳು ರೆಮಾ, ಕಿವಿ ಥರದ ಸೂಪರ್ ಮಾರ್ಕೆಟ್‌ಗಳಲ್ಲಿ ಬ್ರೆಡ್, ಮೊಸರು, ಹಣ್ಣು ಕೊಂಡರೆ ಬೆಳಗ್ಗೆ ರಾತ್ರಿ ಸಾಗುತ್ತದೆ. ನಲ್ಲಿ ನೀರೇ ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ. ದಾಲ್ಚಿನ್ನಿ ಹಾಕಿದ ಸ್ಕಿಲ್ಲಿಂಗ್ಸ್‌ಬೊಲ್ಲೆ ಅನ್ನುವ ಬನ್ ಈ ಊರಿನ ತಿಂಡಿ, ಬಿಸಿಯಾಗಿ ಸಿಕ್ಕರೆ ಬಿಡಬೇಡಿ. ಊರಿಂದ ಚಟ್ನಿಪುಡಿ ಒಯ್ಯಬಹುದು. ತುಪ್ಪದ ಡಬ್ಬಿ ಬೇಡ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಬಿಡುವುದಿಲ್ಲ.

ಸಂಜೆಗೆ ಫ್ಲೋಯನ್ ಬೆಟ್ಟ ಇಟ್ಟುಕೊಳ್ಳಿ. 1918ರಿಂದ ಓಡುತ್ತಿರುವ ಹಗ್ಗದ ರೈಲು ಸುಮಾರು 320 ಮೀಟರ್ ಎತ್ತರಕ್ಕೆ ಕೆಲವೇ ನಿಮಿಷದಲ್ಲಿ ಒಯ್ಯುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲಿ ಕೊಂಡರೆ ಟಿಕೆಟ್ ಸಾಲು ತಪ್ಪುತ್ತದೆ. ಹೋಗುವುದಕ್ಕೆ ಮಾತ್ರ ಕೊಂಡು, ಇಳಿಯುವಾಗ ಕಾಡಿನ ದಾರಿಯಲ್ಲಿ ನಡೆದು ಬನ್ನಿ. ಜೂನ್‌ನಲ್ಲಿ ರಾತ್ರಿ ಹನ್ನೊಂದರ ತನಕ ಬೆಳಕು ಇರುತ್ತದೆ, ಕತ್ತಲಾಗುವ ಭಯ ಇಲ್ಲ.