ಡೆಂಕನಮರಡಿಯಲ್ಲಿ ಒಂದು ಸಾಲಿನ ನಾಟಕ

ಭವಿಷ್ಯ ಹೇಳುವವರು, ಕೇಳುವವರು, ಇಬ್ಬರನ್ನೂ ರಂಗದ ಮೇಲೆ ತರುವ ನೃತ್ಯನಾಟಕವೊಂದನ್ನು ನನ್ನ ಗೆಳತಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದಳು. ಗಿಳಿಶಾಸ್ತ್ರದವನು, ಕವಡೆ ಹಾಕುವವಳು, ಟೀವಿಯ ಚುನಾವಣಾ ಸಮೀಕ್ಷೆಯವರು ಎಲ್ಲ ಬಂದಾಗಿತ್ತು. ಆದರೆ ಎಲ್ಲರೂ ಕೂತಲ್ಲೇ ಹೇಳುತ್ತಾರೆ, ಮೈಯಿಂದ ಹೇಳುವವರೇ ಇಲ್ಲ ಎಂದು ಅವಳ ಗೋಳು. ಮೈಲಾರಲಿಂಗನ ಜಾತ್ರೆಗೆ, ಮೈಲಾರಕ್ಕೆ ನಡಿ ಅಂದೆ. 2025ರ ಭಾರತ ಹುಣ್ಣಿಮೆ ಫೆಬ್ರುವರಿ 12ಕ್ಕೆ ಬಿದ್ದಿತ್ತು. ಕಾರಣಿಕ, ಅಂದರೆ ಅಲ್ಲಿ ವರ್ಷಕ್ಕೊಮ್ಮೆ ನುಡಿಯುವ ದೇವರ ಭವಿಷ್ಯವಾಣಿ, 14ರ ಸಂಜೆಗೆ.

ರಾಣೆಬೆನ್ನೂರಲ್ಲಿ ರೈಲಿಳಿದು ಬಸ್ಸು ಹತ್ತಿದೆವು. ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ ಮುಗಿದು ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕು. ದಾರಿಯುದ್ದಕ್ಕೂ ಸವಾರಿ ಬಂಡಿಗಳು, ಟ್ರ್ಯಾಕ್ಟರುಗಳು, ನಡುನಡುವೆ ನಡೆದೇ ಹೊರಟವರು. ಒಳಗೆ ಕೂತವರಲ್ಲಿ ಯಾರೋ ಒಬ್ಬರು ‘ಏಳು ಕೋಟಿ ಏಳು ಕೋಟಿ ಏಳು ಕೋಟಿಗೋ’ ಎಂದರೆ ಸಾಕು, ಇಡೀ ಬಸ್ಸು ‘ಚಾಂಗಮಲೋ’ ಅನ್ನುತ್ತಿತ್ತು. ಎರಡನೇ ಸಲಕ್ಕೆ ನಾವೂ ಅನ್ನತೊಡಗಿದ್ದೆವು.

ದೇವಸ್ಥಾನದ ಸುತ್ತ ಮೈಲಾರಲಿಂಗನ ಭಕ್ತರಾದ ಗೊರವರದೇ ರಾಜ್ಯ. ಕರಿಕಂಬಳಿ, ಕೈಯಲ್ಲಿ ಡಮರುಗ, ಹೆಗಲಿಗೆ ಭಂಡಾರದ (ಅರಿಶಿನಪುಡಿ) ಚೀಲ. ಕೆಲವರು ನಾಯಿಯಂತೆ ಬೊಗಳುತ್ತಾ, ಭಕ್ತರು ದೋಣಿ ಎಂಬ ಪಾತ್ರೆಗೆ ಹಾಕಿದ ಹಾಲು ಬಾಳೆಹಣ್ಣಿಗೆ ನೇರ ಬಾಯಿ ಹಾಕುತ್ತಿದ್ದರು. ತಾವು ಮೈಲಾರಲಿಂಗನ ನಾಯಿಗಳು ಅನ್ನುವುದು ಅವರ ನಂಬಿಕೆ. ಮಹಾರಾಷ್ಟ್ರದ ಜೆಜುರಿಯಲ್ಲಿ ಖಂಡೋಬ ಅನ್ನಿಸಿಕೊಳ್ಳುವವನೂ ಈ ದೇವರೇ, ಅಲ್ಲೂ ಹೀಗೇ ಭಂಡಾರ ಹಾರುತ್ತದೆ. ಗೆಳತಿ ಮಧ್ಯಾಹ್ನವೆಲ್ಲ ಅವರ ಮೊಣಕಾಲು, ಬೆನ್ನು, ಕತ್ತನ್ನೇ ನೋಡುತ್ತಾ ಕೂತಳು. ನಾನು ಗಿರ್ಮಿಟ್ ತಿಂದೆ.

ಕಾರಣಿಕ ನಡೆಯುವುದು ಡೆಂಕನಮರಡಿಯ ಬಯಲಲ್ಲಿ. ಮಣಿಕಾಸುರ, ಮಲ್ಲಾಸುರರ ಮೇಲೆ ಮೈಲಾರಲಿಂಗ ಹನ್ನೊಂದು ದಿನ ಕಾದಾಡಿದ್ದು ಇಲ್ಲೇ ಅಂತ ಊರವರ ಕಥೆ. ಕಾರಣಿಕ ನುಡಿಯುವ ಗೊರವಯ್ಯನ ಉಪವಾಸವೂ ಹನ್ನೊಂದು ದಿನದ್ದು. ಹೊತ್ತು ಇಳಿಯುವಷ್ಟರಲ್ಲಿ ಬಯಲು ತಲೆಗಳಿಂದ ತುಂಬಿಹೋಗಿತ್ತು. ಧರ್ಮಕರ್ತರು ಕುದುರೆಯೇರಿ ಬಂದರು. ಎರಡಾಳಿಗಿಂತ ಎತ್ತರದ ಬಿಲ್ಲನ್ನು ನೆಟ್ಟಗೆ ನಿಲ್ಲಿಸಿ ಹಿಡಿದರು. ಹನ್ನೊಂದು ದಿನ ಹಸಿದ ಮನುಷ್ಯ ಅದನ್ನು ಸರಸರನೆ ಏರಿದ. ತುದಿಯಲ್ಲಿ ನಿಂತು, ಆಕಾಶ ನೋಡಿ, ‘ಸದ್ದಲೇ’ ಎಂದ.

ಲಕ್ಷಾಂತರ ಜನ ಬಾಯಿ ಮುಚ್ಚಿದರು. ಮೈಕು, ಡಮರುಗ, ಬತ್ತಾಸಿನಂಗಡಿಯವನ ಕೂಗು, ಎಲ್ಲ ಒಟ್ಟಿಗೇ ನಿಂತವು. ಬೆಂಗಳೂರಿನ ರಂಗಮಂದಿರದಲ್ಲಿ ಮುನ್ನೂರು ಜನರ ಮೊಬೈಲು ಬಾಯಿ ಮುಚ್ಚಿಸಲು ಮೂರು ಸಲ ಪ್ರಕಟಣೆ ಬೇಕು.

‘ತುಂಬಿದ ಕೊಡ ತುಳುಕಿತಲೇ ಪರಾಕ್.’

ಅಷ್ಟೇ. ಅಂದವನು ಹಿಂದಕ್ಕೆ ಬಿದ್ದ, ಕೆಳಗಿದ್ದವರು ಹಿಡಿದರು. ಪ್ರದರ್ಶನ ಮುಗಿಯಿತು ಎಂದುಕೊಂಡೆ. ನಿಜವಾಗಿ ಶುರುವಾದದ್ದು ಆಮೇಲೆ.

‘ಏನಂದ, ಏನಂದ?’ ಎಂದು ಹಿಂದಿನವರು ಮುಂದಿನವರನ್ನು ಕೇಳುತ್ತಾ ಮಾತು ಬಯಲ ಅಂಚಿಗೆ ಹೋಯಿತು. ಹೋಗುತ್ತಲೇ ಅರ್ಥ ಕಟ್ಟಿಕೊಂಡಿತು. ಮಂಡಕ್ಕಿ ಅಂಗಡಿ ಮುಂದೆ ಒಬ್ಬರು ಮಳೆ ಜೋರು, ಕೆರೆಕಟ್ಟೆ ಕೋಡಿ ಬೀಳ್ತಾವು ಅಂದರು. ಪಕ್ಕದವರಿಗೆ ಅದು ಸರ್ಕಾರ: ಬಹುಮತ ತುಂಬೇತಿ, ಒಳಗೇ ತುಳಕ್ತೇತಿ, ಕುರ್ಚಿ ಬದಲಾಗ್ತೇತಿ. ‘ತುಂಬಿದ ಕೊಡ ತುಳುಕಂಗಿಲ್ಲ ಅನ್ನೋದು ಗಾದೆ, ಸ್ವಾಮಿ ಅದನ್ನ ತಿರುವಿ ಹಾಕ್ಯಾನ, ಏನೋ ಕೇಡೈತಿ’ ಎಂದು ಒಬ್ಬ ಅಜ್ಜ ಒಪ್ಪಲೇ ಇಲ್ಲ. ಹೊಸಪೇಟೆ ಕಡೆಯ ಹುಡುಗನೊಬ್ಬ, ಹೋದ ಆಗಸ್ಟಿನಲ್ಲಿ ತುಂಬಿದ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಅದೇ ಇದು ಅಂದ. ‘ಅದು ಆಗಿ ಹೋದದ್ದಲ್ಲೋ’ ಎಂದರೆ, ‘ಮತ್ತೂ ಆಗಬಹುದಲ್ರೀ’ ಎಂಬ ಉತ್ತರ.

ಹಳೆಯ ಕಾರಣಿಕಗಳೂ ಹೊರಬಂದವು. 2023ರಲ್ಲಿ ‘ಅಂಬಲಿ ಹಳಸಿತು, ಕಂಬಳಿ ಬೀಸಿತಲೇ’ ಅಂದಿತ್ತು. ಮೇ ತಿಂಗಳಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾದಾಗ ಕಂಬಳಿ ಬೀಸಿದ್ದೇ ಅದು ಎಂದು ಕುರುಬ ಸಮುದಾಯದವರು ಕುಣಿದರಂತೆ. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದಾಗ, ಅಂಬಲಿ ಹಳಸಿದ್ದು ನೋಡ್ರಿ ಎಂದವರೂ ಇದ್ದರು. 2024ರದು ಬರೀ ‘ಸಂಪಾಯಿತಲೇ ಪರಾಕ್’. ಆ ವರ್ಷ ಮಳೆಯೂ ಚೆನ್ನಾಯಿತು, ಡ್ಯಾಮೂ ತುಂಬಿತು. ಒಂದೂ ಸುಳ್ಳಾಗಲಿಲ್ಲ. ಸುಳ್ಳಾಗದಂತೆ ಜನ ದುಡಿಯುತ್ತಾರೆ ಅನ್ನುವುದು ನನಗೆ ಕಂಡದ್ದು. ಹಾಗಂತ ಇದು ಮೋಸವಲ್ಲ. ಗೊರವಯ್ಯ ಒಂದು ಸಾಲು ಕೊಟ್ಟು ಕೆಳಗೆ ಬೀಳುತ್ತಾನೆ, ಉಳಿದ ವರ್ಷವಿಡೀ ಆಟ ಆಡುವವರು ಇವರೇ.

ಮುಂಗಾರಿಗೆ ಏನು ಬಿತ್ತುತ್ತೀರಿ ಎಂದು ಅಜ್ಜನನ್ನು ಕೇಳಿದೆ. ‘ಮೆಕ್ಕೆಜೋಳ. ಕಾರಣಿಕ ಏನರ ಆಗಲಿ, ಮೆಕ್ಕೆಜೋಳನ.’

ವಾಪಸು ರೈಲಿನಲ್ಲಿ ಗೆಳತಿ ನಾಟಕವನ್ನೇ ತಲೆಕೆಳಗು ಮಾಡಿದ್ದಳು. ಹೇಳುವವರ ದೃಶ್ಯವೆಲ್ಲ ತೆಗೆದು, ಒಂದು ಸಾಲನ್ನು ಮಾತ್ರ ಕೇಳಿಸಿ, ನಟರೆಲ್ಲ ಅದರ ಅರ್ಥಕ್ಕೆ ಕುಣಿಯುವುದಂತೆ. ಬಿಲ್ಲೂ ಬೇಡ, ಬೀಳುವುದೂ ಬೇಡ. ಬೀಳದೆ ಹೇಳಿದರೆ ಯಾವನು ಕೇಳುತ್ತಾನೆ ಎಂದು ನಾನು ವಾದ ಹಿಡಿದೆ. ಆ ಎತ್ತರ, ಆ ಹಸಿವು, ಆ ಬೀಳುವಿಕೆ ಇಲ್ಲದಿದ್ದರೆ ಅದು ರಾಶಿಫಲದ ಪುಟ. ಹರಿಹರ ದಾಟಿದರೂ ಜಗಳ ಹರಿಯಲಿಲ್ಲ. ಎದುರು ಸೀಟಿನ ಹೆಂಗಸು ಅಷ್ಟೂ ಹೊತ್ತು ಕೇಳಿಸಿಕೊಂಡು ಕೂತಿದ್ದವರು, ನಡುವೆ ಬಾಯಿ ಹಾಕಿದರು: ‘ತಂಗಿ, ಅದು ಮಳಿನೂ ಅಲ್ಲ, ಸರ್ಕಾರನೂ ಅಲ್ಲ. ಬಂಗಾರದ ರೇಟು ಇನ್ನೂ ಏರತೈತಿ.’