‘ಶ್ರಮಜೀವಿ, ಸರಳಜೀವಿ’ ಆದಮೇಲೆ ಏನು ಬರೆಯೋದು?

ಆಗಾಗ ಯಾರಾದರೂ ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಅಪ್ಪನೋ ಅಜ್ಜನೋ ತುಂಬು ಬಾಳು ಬಾಳಿ ಹೋಗಿರುತ್ತಾರೆ, ಮನೆಯವರೆಲ್ಲ ಸೇರಿ ನೆನಪಿಗೊಂದು ಪುಸ್ತಕ ಮಾಡೋಣ ಅಂತ ಹೊರಟಿರುತ್ತಾರೆ, ಬರೆಯುವ ಕೆಲಸ ಇವರ ತಲೆಗೆ ಬಿದ್ದಿರುತ್ತದೆ. ‘ಶ್ರಮಜೀವಿ, ಸರಳಜೀವಿ, ಪರೋಪಕಾರಿ ಅಂತ ಬರೆದೆ. ಮುಂದೆ ಪೆನ್ನೇ ಓಡ್ತಿಲ್ಲ. ಏನ್ ಮಾಡ್ಲಿ?’

ನನ್ನ ಉತ್ತರ ಒಂದೇ. ಆ ಮೂರೂ ಪದ ಹೊಡೆದುಹಾಕಿ. ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಉಳಿದಿದ್ದಾರಾ ಅಂತ ಹುಡುಕಿ, ಅದೂ ಬೇಗ.

ಇದನ್ನು ನಾನು ಕಲಿತದ್ದು ಎಡವಿ. ನಮ್ಮಪ್ಪ ಹೋದಾಗ ಅವರಿಗೆ 91. ನಾನೇ ಕೂತು ಒಂದು ಪುಟ ಬರೆದೆ. ಓದಿದವರೆಲ್ಲ ಚೆನ್ನಾಗಿದೆ ಅಂದರು. ಅಕ್ಕ ಮಾತ್ರ ಕನ್ನಡಕ ತೆಗೆದು, ‘ಹೆಸರು ಅಳಿಸಿದ್ರೆ ಇದು ಯಾರ ಅಪ್ಪ ಬೇಕಾದ್ರೂ ಆಗ್ತಾರೆ ಕಣೋ’ ಅಂದಳು. ಕೋಪ ಬಂತು. ಆದರೆ ಅವಳು ಹೇಳಿದ್ದು ನಿಜವೇ. ಅಪ್ಪ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿಗೆ ಬೇಕಾದ ಲೋಹದ ಅಕ್ಷರದ ತುಂಡು, ಜೋಡಿಸುತ್ತಿದ್ದವರು. ನಾನು ಬರೆದದ್ದು ‘ಮುದ್ರಣಾಲಯದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದರು’ ಅಂತ ಒಂದೇ ಸಾಲು. ನಿಂತು ನಿಂತು ಕಾಲು ಊದಿಸಿಕೊಂಡವರ ದುಡಿಮೆಗೆ ಎಂಥ ಸಪ್ಪೆ ಮಾತು ನೋಡಿ.

ಆಮೇಲೆ ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರಾದ, ಅದೇ ಪ್ರೆಸ್ಸಿನಲ್ಲಿದ್ದ ಒಬ್ಬರು ಸಿಕ್ಕರು. ಮಾತಿಗಿಂತ ಮೊದಲು ಅವರ ಕೈ ಶುರುವಾಯಿತು. ಎಡಗೈಯಲ್ಲಿ ಸ್ಟಿಕ್, ಅಂದರೆ ಮೊಳೆಗಳನ್ನು ಸಾಲಾಗಿ ಕೂರಿಸುವ ಪಟ್ಟಿ, ಹಿಡಿದ ಹಾಗೆ, ಬಲಗೈಯಲ್ಲಿ ಅಕ್ಷರಕ್ಕೊಂದರಂತಿರುವ ಖಾನೆಯಿಂದ ಮೊಳೆ ಎತ್ತಿದ ಹಾಗೆ. ಪ್ರತಿ ಮೊಳೆಯ ಬದಿಯಲ್ಲೂ ಒಂದು ಸಣ್ಣ ಗೀರು ಇರುತ್ತದಂತೆ. ಹೆಬ್ಬೆರಳಿಗೆ ಅದು ತಗುಲಿದರೆ ಸಾಕು, ಅಕ್ಷರ ಯಾವ ಕಡೆ ನಿಂತಿದೆ ಅಂತ ನೋಡದೆಯೇ ಗೊತ್ತಾಗುತ್ತದೆ. ಸ್ಟಿಕ್ಕಿನಲ್ಲಿ ಸಾಲು ಕೂರುವುದು ತಲೆಕೆಳಗಾಗಿ. ಹಾಗೇ ಓದಬೇಕು, ತಪ್ಪು ಕಂಡರೆ ಅಲ್ಲೇ ಕಿತ್ತು ಬೇರೆ ಹಾಕಬೇಕು. ಅಚ್ಚಾದ ಮೇಲೆ ಇನ್ನೊಂದು ಕೆಲಸ, ಕಟ್ಟಿದ್ದನ್ನೆಲ್ಲ ಬಿಚ್ಚಿ ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ವಾಪಸ್ ಹಾಕುವುದು. ಯಾರಿಗೂ ಬೇಡದ ಕೆಲಸ ಅದು. ಖಾನೆ ತಪ್ಪಿ ಹಾಕಿದರೆ ಹಾಕಿದವನಿಗೇನೂ ಆಗಲ್ಲ, ಮಾರನೇ ದಿನ ಆ ಖಾನೆಗೆ ಕೈ ಹಾಕಿದವನ ಪ್ರೂಫಿನಲ್ಲಿ ತಪ್ಪು ಬಂದು ಅವನು ಬೈಸಿಕೊಳ್ಳುತ್ತಾನೆ. ‘ನಿಮ್ಮಪ್ಪ ಹೊರಡೋ ಮುಂಚೆ ನಮ್ಮ ಖಾನೆಗಳನ್ನೂ ಒಂದ್ಸಲ ನೋಡಿ ಹೋಗೋರು. ಯಾಕೆ ಸಾರ್ ಅಂದ್ರೆ, ಸುಮ್ನೆ ಅನ್ನೋರು.’

ನನ್ನ ‘ಪರೋಪಕಾರಿ’ ಪದಕ್ಕಿಂತ ಈ ‘ಸುಮ್ನೆ’ ಸಾವಿರ ಪಾಲು ಮೇಲು ಅಲ್ವಾ?

ಅವರ ಮಾತು ಕೇಳುತ್ತಾ ಇನ್ನೊಂದು ನೆನಪಾಯಿತು. ಸಂಜೆ ನಮ್ಮನೆಗೆ ಓದು ಬರಹ ಬರದವರು ಅರ್ಜಿ, ನೋಟಿಸು, ಬ್ಯಾಂಕಿನ ಫಾರಂ ಹಿಡಿದು ಬರುತ್ತಿದ್ದರು. ಮೇಜಿನ ಆಚೆ ಅವರು, ಈಚೆ ಅಪ್ಪ. ಅವರು ಕಾಗದವನ್ನು ತಮ್ಮ ಕಡೆ ತಿರುಗಿಸಿಯೇ ಇಟ್ಟುಕೊಂಡಿರುತ್ತಿದ್ದರು, ಅಪ್ಪ ಅದನ್ನು ಮುಟ್ಟದೆ ಎದುರಿನಿಂದಲೇ ಗಡಗಡ ಓದಿ ಹೇಳುತ್ತಿದ್ದರು. ನಾವು ಅದನ್ನು ಮಕ್ಕಳನ್ನು ನಗಿಸುವ ಚಮತ್ಕಾರ ಅಂದುಕೊಂಡಿದ್ದೆವು. ಅದು ಆ ಸ್ಟಿಕ್ ಕಲಿಸಿದ ವಿದ್ಯೆ ಅಂತ ಗೊತ್ತಾಗಲು ಅಪ್ಪ ಹೋಗಬೇಕಾಯಿತು.

ದೀರ್ಘಾಯುಷ್ಯದ ಫಜೀತಿ ಇದೇ. 91ರ ಹೊತ್ತಿಗೆ ಅವರ ಯೌವನ ನೋಡಿದವರು ಮೊದಲೇ ಹೊರಟುಹೋಗಿರುತ್ತಾರೆ. ನಾನು ಹುಟ್ಟಿದಾಗ ಅಪ್ಪನಿಗೆ 38. ಅದಕ್ಕೂ ಹಿಂದಿನ ಅಪ್ಪ ನನಗೆ ಗೊತ್ತೇ ಇಲ್ಲ. ಕೊನೆಯ ಮೂರು ವರ್ಷದ ಮಾತ್ರೆ, ಕೋಲು, ಹಾಸಿಗೆ ಮಾತ್ರ ಎಲ್ಲರಿಗೂ ನೆನಪು. 2001ರಲ್ಲಿ ಎಡ್ ಡೀನರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ತುಂಬ ಸಂತೋಷದ ಬದುಕೊಂದರ ಕಥೆ ಕೊಟ್ಟು, ಅದರ ಕೊನೆಗೆ ಅಷ್ಟೇನೂ ಜೋರಿಲ್ಲದ, ಆದರೆ ಹಿತವಾದ ಇನ್ನೊಂದಿಷ್ಟು ವರ್ಷ ಸೇರಿಸಿದರೆ, ಓದಿದವರು ಆ ಬದುಕಿಗೆ ಕಮ್ಮಿ ಅಂಕ ಕೊಟ್ಟರಂತೆ! ಕೊನೆಯ ಪುಟ ಹಿಂದಿನದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಹಾಗಾಗಿ ಬರೆಯುವಾಗ ಕೊನೆಯಿಂದ ಶುರು ಮಾಡಬೇಡಿ, ನಡುವಯಸ್ಸಿಗೆ ಹೋಗಿ.

ನಿಮ್ಮನೆಯ ಹಿರಿಯರು ಇನ್ನೂ ಇದ್ದರೆ ನೀವೇ ಪುಣ್ಯವಂತರು, ಅವರನ್ನೇ ಕೇಳಿ. ವಯಸ್ಸಾದವರಿಗೆ ತಮ್ಮ 10ರಿಂದ 30ರವರೆಗಿನ ವರ್ಷಗಳು ಜಾಸ್ತಿ ನೆನಪಿರುತ್ತವೆ ಅಂತ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಹಳೆಯದನ್ನೇ ಹೇಳುವುದು ಅರಳುಮರಳಲ್ಲ, ಬದುಕನ್ನು ತಿರುಗಿ ನೋಡುವ ಸಹಜ ಕೆಲಸ ಅಂತ ರಾಬರ್ಟ್ ಬಟ್ಲರ್ ಎಂಬ ವೈದ್ಯರು 1963ರಲ್ಲೇ ಬರೆದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಸಾಕು.

ಕೇಳುವ ರೀತಿ ಮಾತ್ರ ಮುಖ್ಯ. ‘ಅವರು ಹೇಗಿದ್ರು’ ಅಂತ ಕೇಳಿದರೆ ‘ದೇವರಂಥ ಮನುಷ್ಯ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಬಂದ ತಕ್ಷಣ ಮೊದಲು ಏನು ಮಾಡ್ತಿದ್ರು, ಏನಕ್ಕೆ ರೇಗ್ತಿದ್ರು, ಯಾರ ಜೊತೆ ಮಾತು ಬಿಟ್ಟಿದ್ರು, ಹೀಗೆ ಕೇಳಿ. ಇಸವಿಗಳಿಗೆ ಬಾಯಿಮಾತು ನಂಬಬೇಡಿ, ಹಳೆಯ ರಸೀದಿ, ಸರ್ಟಿಫಿಕೇಟ್ ನೋಡಿಕೊಳ್ಳಿ.

ಇನ್ನೊಂದು, ಎಲ್ಲರೂ ಹಿಂಜರಿಯುವ ವಿಷಯ. ನಾಲ್ಕು ಜನಕ್ಕೆ ಬೇಕಾದವನ ಮನೆಯವರು ಅದಕ್ಕೆ ಸ್ವಲ್ಪ ಬೆಲೆ ತೆತ್ತಿರುತ್ತಾರೆ. ‘ಕಂಡವರ ಅರ್ಜಿಗೆಲ್ಲ ಟೈಮಿತ್ತು, ನನ್ನ ಮಾರ್ಕ್ಸ್ ಕಾರ್ಡ್ ನೋಡೋಕೆ ಇರ್ಲಿಲ್ಲ’ ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ. ಅದನ್ನೂ ಬರೆದೆ. ಒಬ್ಬಿಬ್ಬರು ನೆಂಟರು ಮುಖ ಸಿಂಡರಿಸಿದರು, ಇರಲಿ.

ಎರಡನೇ ಸಲ ಬರೆದದ್ದನ್ನು ಮೊದಲು ಅಕ್ಕನಿಗೇ ಕೊಟ್ಟೆ. ಅವಳು ಮೇಜಿನ ಆಚೆ ಕೂತಿದ್ದಳು. ಹಾಳೆಯನ್ನು ಅವಳ ಕಡೆಗೆ ತಿರುಗಿಸಲು ಹೋದರೆ ‘ಇರು, ಇರು’ ಅಂದು, ತಲೆಕೆಳಗಾಗಿದ್ದದ್ದನ್ನು ಹಾಗೆಯೇ ಬೆರಳಿಟ್ಟು ಓದತೊಡಗಿದಳು. ಎರಡನೇ ಸಾಲಿಗೆ ಸೋತು ತಿರುಗಿಸಿಕೊಂಡಳು.